ತೋಳಿನ ಅಳತೆ

3 ಜೂನ್ 2022

ಅಕ್ಕನಿಗೆ ನಮಸ್ಕಾರ.

ಈ ಪೊಟ್ಟಣದಲ್ಲಿ ಎರಡು ಏಪ್ರನ್ ಇವೆ. ಹಳೆಯ ಅಳತೆಯಲ್ಲೇ ಹೊಲಿದಿದ್ದೇನೆ. ಜೆಲ್ ಮೆತ್ತಿದ ಕೈಯನ್ನು ಬಲಗಡೆ ಒರೆಸಿಕೊಳ್ಳುವ ನಿನ್ನ ಅಭ್ಯಾಸ ಇನ್ನೂ ಹೋಗಿಲ್ಲವೆಂದು ನೀನು ಮಾದರಿಗೆ ಕಳಿಸಿದ ಹಳೆಯದನ್ನು ನೋಡಿಯೇ ತಿಳಿಯಿತು. ಅದಕ್ಕೇ ಬಲಗಡೆ ಒಳಗೊಂದು ಪದರ ಹೆಚ್ಚು ಕೊಟ್ಟಿದ್ದೇನೆ.

ಕಡ್ಡಿ ರಜೆ ಮುಗಿಸಿ ಮೊನ್ನೆ ಬಂದಳು. "ದೊಡ್ಡಮ್ಮನ ಮನೇಲಿ ಎಲ್ಲೆಲ್ಲೂ ಪುಸ್ತಕ, ಕಾಲು ಚಾಚಿದ್ರೆ ಒಂದಾದ್ರೂ ಬೀಳುತ್ತೆ" ಅಂದಳು. "ನೀನು ಕಾಲು ಚಾಚಿದ್ರೆ ಪಕ್ಕದ ಮನೆ ಕಾಂಪೌಂಡೇ ಬೀಳುತ್ತೆ" ಅಂದರು ಇವರು. ಅಪ್ಪ ಮಗಳದ್ದು ಎರಡು ದಿನದಿಂದ ಇದೇ ನಡೆದಿದೆ. ಹದಿನೇಳಕ್ಕೆ ಅಪ್ಪನ ನೆತ್ತಿ ಅವಳ ಕಿವಿಗೆ ಬರುತ್ತದೆ.

ನೀನು ಆಸ್ಪತ್ರೆಯಲ್ಲಿ ನಿನ್ನ ಎಕೋ ಯಂತ್ರ ಹಚ್ಚಿ ಪರದೆಯ ಮೇಲೆ ಅವಳ ಹೃದಯ ತೋರಿಸಿದೆಯಂತೆ. ಬಂದಾಗಿನಿಂದ ಅದೇ ಮಾತು. ನಿಜವಾ? ಏನು ಕಂಡಿತು? ನೀನು ಕಿವಿ ಇಟ್ಟ ಹೃದಯ ಯಾವುದೂ ಸುಮ್ಮನೆ ಪಾರಾಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

ಸೆಪ್ಟೆಂಬರ್ ಹನ್ನೆರಡಕ್ಕೆ ರಾಷ್ಟ್ರೀಯ ಜೂನಿಯರ್ ವಾಲಿಬಾಲ್ ತಂಡದ ಆಯ್ಕೆ ಶಿಬಿರ. ಅವಳ ಕ್ರೀಡಾಶಾಲೆಯಿಂದ ಹೋಗುವವಳು ಅವಳೊಬ್ಬಳೇ. ಶಿಬಿರದ ಹದಿನಾಲ್ಕು ಹುಡುಗಿಯರ ಟ್ರ್ಯಾಕ್‌ಸೂಟ್ ಹೊಲಿಯುವ ಕೆಲಸ ನನ್ನ ಅಂಗಡಿಗೇ ಬಂದಿದೆ. ಹದಿಮೂರು ಒಂದೇ ಅಚ್ಚಿನಲ್ಲಿ ಕತ್ತರಿಸಬಹುದು. ಇವಳದ್ದು ಮಾತ್ರ ತೋಳಿಗೆ ನಾಲ್ಕು ಬೆರಳು ಹೆಚ್ಚು ಬಟ್ಟೆ ಬೇಡುತ್ತದೆ.

ಫೋನ್ ಮಾಡಬಹುದಿತ್ತು. ನಮ್ಮಿಬ್ಬರ ಫೋನು ಮೂರನೇ ನಿಮಿಷಕ್ಕೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಇಬ್ಬರಿಗೂ ಗೊತ್ತು. ಕಾಗದವೇ ವಾಸಿ, ಸಿಟ್ಟು ಬಂದರೆ ಹರಿದು ಇನ್ನೊಂದು ಬರೆಯಬಹುದು.

ನಿನ್ನ ತಂಗಿ


14 ಜೂನ್ 2022

ಪ್ರೀತಿಯ ಪುಟ್ಟಿ,

ಏಪ್ರನ್ ಮೈಗೆ ಅಳೆದಂತೆ ಕೂತಿದೆ. ಬಲಗಡೆಯ ಪದರ ನೋಡಿ ನಾಚಿಕೆಯಾಯಿತು.

ನಿಜ, ತೋರಿಸಿದೆ. ಅಂದು ಸಂಜೆಯ ಕೊನೆಯ ರೋಗಿ ಬರಲಿಲ್ಲ. ಕಡ್ಡಿ ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದಳು. ಆ ಕೋಣೆಯಲ್ಲಿ ಕಿಟಕಿಯಿಲ್ಲ, ಪರದೆಯ ಬೂದು ಬೆಳಕೊಂದೇ. ಮಲಗಿಸಿ ಪಕ್ಕೆಗೆ ಜೆಲ್ ಹಚ್ಚಿದರೆ ತಣ್ಣಗಾಯಿತೆಂದು ಕುಣಿದಳು. ಕಾಲು ಮಂಚದಿಂದ ಒಂದು ಗೇಣು ಆಚೆ. ಸದ್ದು ಜೋರು ಮಾಡಿ "ನೋಡು, ನಿನ್ನ ಕುದುರೆ ಓಡ್ತಿದೆ" ಅಂದೆ. ಬಾಯಿ ಬಿಟ್ಟುಕೊಂಡು ನೋಡಿದಳು. "ಇದಕ್ಕೆ ಭಾನುವಾರನೂ ರಜೆ ಇಲ್ವಾ ದೊಡ್ಡಮ್ಮ?" ಎಂದು ಕೇಳಿದಳು. ಮೂವತ್ತು ವರ್ಷದಿಂದ ಆ ಕುರ್ಚಿಯಲ್ಲಿ ಕೂತಿದ್ದೇನೆ, ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ.

ದಿನಕ್ಕೆ ನಾಲ್ಕು ಗಂಟೆ ಆಡುವ ಮಕ್ಕಳ ಹೃದಯ ಬೇರೆಯವರದಕ್ಕಿಂತ ಸ್ವಲ್ಪ ದೊಡ್ಡದಿರುತ್ತದೆ. ಗೋಡೆ ತುಸು ದಪ್ಪ, ಬಡಿತ ನಿಧಾನ. ಅದು ಕಾಯಿಲೆಯಲ್ಲ, ದುಡಿಮೆಗೆ ದೇಹ ಮಾಡಿಕೊಂಡ ಹೊಂದಾಣಿಕೆ. ಆಟಗಾರರ ಹೃದಯ ಎನ್ನುತ್ತೇವೆ. ಕಡ್ಡಿಯದೂ ಅಂಥದ್ದೇ. ಚೆನ್ನಾಗಿದೆ.

ಬಿಡುವಾದಾಗ, ಶಿಬಿರಕ್ಕೆ ಮುಂಚೆ, ಒಬ್ಬ ಹೃದಯ ವೈದ್ಯರಿಗೆ ಒಮ್ಮೆ ತೋರಿಸಿಬಿಡು. ಸುಮ್ಮನೆ, ಶಿಬಿರದ ಕಾಗದಪತ್ರಕ್ಕಾಗಿ. ಅವಳ ಕನ್ನಡಕದ ನಂಬರ್ ಈಗ ಎಷ್ಟು? ಕೈ ಎರಡೂ ಕಡೆ ಚಾಚಿದರೆ ಬೆರಳ ತುದಿಯಿಂದ ಬೆರಳ ತುದಿಗೆ ಎಷ್ಟು ಬರುತ್ತದೆ? ನಿನ್ನ ಅಳತೆ ಪುಸ್ತಕದಲ್ಲಿ ಇರಬಹುದು. ಕುತೂಹಲಕ್ಕೆ ಕೇಳಿದೆ.

ಅಕ್ಕ


29 ಜೂನ್ 2022

ಅಕ್ಕ,

ಕುತೂಹಲಕ್ಕೆ ಕೇಳಿದೆ ಎಂದು ಬರೆದಿದ್ದೀಯ. ಅವತ್ತೂ ಕುತೂಹಲಕ್ಕೇ ತಾನೆ ಕಿವಿ ಇಟ್ಟದ್ದು.

ನಿನಗೆ ಮರೆತಿದ್ದರೆ ನೆನಪಿಸುತ್ತೇನೆ. ನಿನ್ನ ತರಬೇತಿಯ ಮೊದಲ ವರ್ಷ. ಹೊಸ ಸ್ಟೆತಾಸ್ಕೋಪ್ ತಂದು ಮನೆಯವರೆಲ್ಲರ ಎದೆಯ ಮೇಲೂ ಪ್ರಯೋಗ. ನನಗೆ ಹದಿನಾರು. ಎಂಟುನೂರು ಮೀಟರ್ ಓಟದಲ್ಲಿ ಜಿಲ್ಲೆಯಲ್ಲಿ ನನ್ನ ಮುಂದೆ ಯಾರೂ ಇರಲಿಲ್ಲ. ನೀನು ನನ್ನ ಎದೆಗೆ ಕಿವಿ ಇಟ್ಟು, ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ: "ಇವಳ ಹೃದಯದಲ್ಲಿ ಟಕ್ ಅಂತ ಒಂದು ಸದ್ದು ಬರುತ್ತೆ, ಇರಬಾರದ ಕಡೆ." ಅಪ್ಪ ಅನ್ನದ ಕೈಯಲ್ಲೇ ಎದ್ದರು. ನನ್ನ ಮುಳ್ಳು ಬೂಟನ್ನು ಅಟ್ಟದ ಮೇಲೆ ಎಸೆದರು. ಮೂರು ತಿಂಗಳ ಮೇಲೆ ಆ ಮುದಿ ಡಾಕ್ಟರು ನನ್ನ ಎದೆ ಬಡಿದು ನೋಡಿ ನಕ್ಕರು. "ನಿಮ್ಮ ದೊಡ್ಡ ಮಗಳಿಗೆ ಕಿವಿ ಭಾರಿ ಚುರುಕು. ಏನೂ ಇಲ್ಲ, ಹೋಗಿ." ಅಷ್ಟರಲ್ಲಿ ನನ್ನ ಜಾಗದಲ್ಲಿ ಬೇರೊಬ್ಬಳು ಓಡಿ ಮುಗಿಸಿದ್ದಳು. ಅಪ್ಪ ಬೂಟು ಕೆಳಗಿಳಿಸಲೇ ಇಲ್ಲ. ನಾನು ಹೊಲಿಗೆ ಕಲಿತೆ.

ಮೂವತ್ತು ವರ್ಷದಲ್ಲಿ ನೀನು ಒಮ್ಮೆಯೂ ತಪ್ಪಾಯಿತು ಅನ್ನಲಿಲ್ಲ.

ಕನ್ನಡಕ ಮೈನಸ್ ಏಳು. ಎತ್ತರ ನೂರ ಎಪ್ಪತ್ತೆಂಟು ಸೆಂಟಿಮೀಟರ್, ಚಾಚಿದ ಕೈ ನೂರ ಎಂಬತ್ತೊಂಬತ್ತು. ಟೈಲರ್ ಅಳತೆ, ತಪ್ಪಿರುವುದಿಲ್ಲ. ಬೇಕಿದ್ದರೆ ಆರನೇ ವರ್ಷದಿಂದ ಬರೆದಿಟ್ಟದ್ದು ಇದೆ. ಆ ಕೈ ನೋಡಿಯೇ ಕೋಚ್ ಸರ್ ಅವಳನ್ನು ಆರಿಸಿದ್ದು. "ಎಗರೋದನ್ನ ನಾನು ಕಲಿಸಬಹುದಮ್ಮ, ಇಂಥ ಕೈನ ಎಲ್ಲಿಂದ ತರಲಿ" ಅನ್ನುತ್ತಾರೆ. ಅದರಲ್ಲೂ ನಿನಗೇನೋ ಕಂಡಿದ್ದರೆ ನಿನ್ನ ಹತ್ತಿರವೇ ಇರಲಿ.

ತಂಗಿ


9 ಜುಲೈ 2022

ಪ್ರೀತಿಯ ಪುಟ್ಟಿ,

ಆಯಿತು, ಇನ್ನು ಆ ಮಾತು ಎತ್ತುವುದಿಲ್ಲ. ಅಳತೆ ಕಳಿಸಿದ್ದಕ್ಕೆ ಸಂತೋಷ. ಆಸ್ಪತ್ರೆಯಲ್ಲಿ ಹೊಸ ತರಬೇತಿ ತಂಡ ಬಂದಿದೆ, ಪಾಠ ಹೇಳುವುದರಲ್ಲೇ ದಿನ ಹೋಗುತ್ತಿದೆ. ಕಡ್ಡಿ ಬಿಟ್ಟುಹೋದ ಮೊಣಕಾಲ ಪಟ್ಟಿ ಕಳಿಸುತ್ತಿದ್ದೇನೆ. ಪುಸ್ತಕಗಳ ಹಿಂದೆ ಸಿಕ್ಕಿತು.

ಅಕ್ಕ


20 ಆಗಸ್ಟ್ 2022

ಪುಟ್ಟಿ,

ಈ ಕಾಗದವನ್ನು ನಿಂತುಕೊಂಡು ಓದಬೇಡ. ಕೂತು ಓದು.

ಜೂನ್ ಹದಿನಾಲ್ಕರಂದು ನಾನು ನಿನಗೆ ಸುಳ್ಳು ಬರೆದೆ.

ಹೃದಯದಿಂದ ರಕ್ತ ಹೊರಡುವ ದೊಡ್ಡ ಕೊಳವೆಗೆ ಮಹಾಪಧಮನಿ ಎನ್ನುತ್ತೇವೆ. ಕಡ್ಡಿಯದರ ಬುಡ ನಾಲ್ಕು ಸೆಂಟಿಮೀಟರ್ ಮೇಲೆ ಒಂದು ಮಿಲಿಮೀಟರ್ ಇತ್ತು. ಅವಳ ವಯಸ್ಸಿನ ಹುಡುಗಿಗೆ ಮೂರರ ಹತ್ತಿರ ಇರಬೇಕು. ಅವಳು ನಗುತ್ತಿದ್ದಳು, ನಾನು ಮೂರು ಸಲ ಅಳೆದೆ. ಮೂರು ಸಲವೂ ಅಷ್ಟೇ. ಆಮೇಲೆ ಸದ್ದು ಜೋರು ಮಾಡಿ ಕುದುರೆಯ ಮಾತಾಡಿದೆ.

ಯಂತ್ರಕ್ಕೆ ಅವಳ ಎತ್ತರ, ತೂಕ ಕೊಟ್ಟೆ. ಇಷ್ಟು ಎತ್ತರದವರಿಗೆ ಇದು ಮಿತಿಯ ಅಂಚು ಎಂದಿತು. ಆ ಅಂಚಿನ ಮೇಲೆ ಎರಡು ತಿಂಗಳು ಕುಳಿತೆ. ಆದರೆ ಆಟ ಹೃದಯದ ಕೋಣೆಗಳನ್ನು ಹಿಗ್ಗಿಸುತ್ತದೆ, ಕೊಳವೆಯನ್ನು ಈ ಮಟ್ಟಕ್ಕೆ ಹಿಗ್ಗಿಸುವುದಿಲ್ಲ. ಹೊಸ ತರಬೇತಿ ತಂಡಕ್ಕೆ ನಾನು ಹೇಳಿಕೊಡುವ ಮೊದಲ ಪಾಠ ಅದೇ. ಕಳೆದ ವಾರ ಒಬ್ಬ ಹುಡುಗಿ ಕೈಯೆತ್ತಿ ಕೇಳಿದಳು: "ಮೇಡಂ, ಕೋಣೆ, ಕೊಳವೆ ಎರಡೂ ಒಟ್ಟಿಗೆ ಹಿಗ್ಗಿದ್ರೆ?" ಕೊಳವೆಯನ್ನೇ ನಂಬಬೇಕು, ಆಟ ನಿಲ್ಲಿಸಬೇಕು ಎಂದು ಉತ್ತರ ಹೇಳಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ದೇಹದಲ್ಲಿ ಎಲ್ಲವನ್ನೂ ಹಿಡಿದಿಡುವ ಒಂದು ನೇಯ್ಗೆ ಇದೆ. ಸಂಯೋಜಕ ಅಂಗಾಂಶ. ಕೆಲವರಲ್ಲಿ ಹುಟ್ಟಿನಿಂದಲೇ ಆ ನೇಯ್ಗೆ ಸಡಿಲ. ಎಲುಬು ಉದ್ದಕ್ಕೆ ಬೆಳೆಯುತ್ತದೆ, ಕೈ ಎತ್ತರವನ್ನು ಮೀರುತ್ತದೆ, ಕಣ್ಣು ಕೆಡುತ್ತದೆ, ಕೊಳವೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ. ಇದಕ್ಕೆ ಮಾರ್ಫನ್ ಎಂದು ಹೆಸರು. ಹೆಸರಿಡುವ ಅಧಿಕಾರ ನನಗಿಲ್ಲ, ವೈದ್ಯರಿಗಿದೆ. ಆದರೆ ಬಟ್ಟೆ ಎಲ್ಲಿ ಸವೆದಿದೆ ಎಂದು ಬೆಳಕಿಗೆ ಹಿಡಿದು ನೋಡುವುದು ನಿನಗೆ ಗೊತ್ತು. ನನ್ನ ಕೆಲಸವೂ ಅದೇ. ಎಗರಿ ಚೆಂಡು ಹೊಡೆಯುವಾಗ ಒಳಗಿನ ಒತ್ತಡ ಏರುತ್ತದೆ. ಸವೆದ ಕಡೆ ಹರಿದರೆ ಅಂಗಳದಿಂದ ಆಸ್ಪತ್ರೆಗೆ ತಲುಪುವಷ್ಟು ಹೊತ್ತೂ ಇರುವುದಿಲ್ಲ.

ಯಾಕೆ ಹೇಳಲಿಲ್ಲ ಎಂದು ನೀನು ಕೇಳುವೆ. ಇನ್ನೊಂದು ಜೊತೆ ಬೂಟು ನನ್ನಿಂದ ಅಟ್ಟಕ್ಕೆ ಹೋಗುವುದು ಬೇಡವಾಗಿತ್ತು. ಅಷ್ಟೇ. ಇದಕ್ಕಿಂತ ಒಳ್ಳೆಯ ಕಾರಣ ನನ್ನಲ್ಲಿಲ್ಲ.

ಶಿಬಿರಕ್ಕೆ ಕಳಿಸಬೇಡ. ಈ ವಾರವೇ ಹೃದಯ ವೈದ್ಯರ ಬಳಿ ಕರೆದುಕೊಂಡು ಹೋಗು.

ಅಕ್ಕ


27 ಆಗಸ್ಟ್ 2022

ಜೂನಿನಲ್ಲಿ ಬರೆದದ್ದು ಸುಳ್ಳೋ, ಆಗಸ್ಟಿನಲ್ಲಿ ಬರೆದದ್ದು ಸುಳ್ಳೋ? ಒಂದೇ ಕೈಬರಹ, ಹೇಗೆ ಹೇಳಲಿ?

ನಿನಗೆ ತಿಳಿಸದೇ ಇದ್ದ ಒಂದು ವಿಷಯವಿದೆ. ಮೇಲೆ ಸಿಟ್ಟು ಮಾಡಿಕೊಂಡರೂ ಜುಲೈಯಲ್ಲಿ ಅವಳನ್ನು ಕ್ರೀಡಾಶಾಲೆಯ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಎದೆಗೆ ತಂತಿ ಅಂಟಿಸಿ ಇಸಿಜಿ ಪಟ್ಟಿ ತೆಗೆದರು. "ಎಕೋ ಒಂದು ಮಾಡಿಸಿಬಿಡೋಣ, ಎತ್ತರ ಇದ್ದಾಳೆ" ಅಂದರು. ನಾನು ಹೆಮ್ಮೆಯಿಂದ ಚೀಲದಿಂದ ನಿನ್ನ ಜೂನಿನ ಕಾಗದ ತೆಗೆದು ಕೊಟ್ಟೆ. "ನಮ್ಮಕ್ಕ ದೊಡ್ಡ ಆಸ್ಪತ್ರೆಲಿ ಇದೇ ಕೆಲಸ ಮಾಡೋದು ಸರ್, ಆಗಲೇ ನೋಡಿದ್ದಾಳೆ." ಅವರು ಓದಿದರು. "ಮೂವತ್ತು ವರ್ಷದ ಅನುಭವ. ನಾನು ಮಾಡಿಸಿದ್ರೂ ಇಂಥವರೇ ತಾನೆ ನೋಡೋದು" ಎಂದು ನಕ್ಕು, ಶಿಬಿರದ ಫಾರಂನಲ್ಲಿ 'ಆಟಗಾರರ ಹೃದಯ, ಆಡಲು ಅಡ್ಡಿಯಿಲ್ಲ' ಎಂದು ನಿನ್ನ ಮಾತನ್ನೇ ಇಳಿಸಿ ಸಹಿ ಹಾಕಿದರು. ಫಾರಂ ಹೋಗಿ ತಿಂಗಳಾಯಿತು.

ಈಗ ನಾನು ಹೋಗಿ ಏನು ಹೇಳಲಿ? ನಮ್ಮಕ್ಕನಿಗೆ ಆಗಾಗ ಹೀಗಾಗುತ್ತದೆ ಎಂದೇ?

ನನ್ನ ಎದೆಯಲ್ಲೂ ನೀನು ಏನೋ ಕೇಳಿದ್ದೆ. ಏನೂ ಇರಲಿಲ್ಲ. ಇವಳು ದಿನಕ್ಕೆ ಇನ್ನೂರು ಸಲ ಎಗರುತ್ತಾಳೆ, ಒಂದು ದಿನ ಉಸ್ಸೆಂದವಳಲ್ಲ. ಹನ್ನೆರಡಕ್ಕೆ ಹೋಗುತ್ತಾಳೆ. ನೀನು ಬರಬೇಡ, ಫೋನ್ ಮಾಡಬೇಡ.


3 ಸೆಪ್ಟೆಂಬರ್ 2022

ಪುಟ್ಟಿ,

ನೀನು ಆ ಕಾಗದವನ್ನು ಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಬರೆದದ್ದನ್ನು ನೀನು ಯಾರಿಗಾದರೂ ಹೆಮ್ಮೆಯಿಂದ ತೋರಿಸುತ್ತೀಯ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಇವತ್ತು ಬೆಳಿಗ್ಗೆ ಶಿಬಿರದ ವೈದ್ಯಾಧಿಕಾರಿಗೆ ಬರೆದೆ. ಅಂದು ತೆಗೆದ ಚಿತ್ರಗಳು, ಅಳತೆ, ನಿನ್ನ ಪುಸ್ತಕದ ಎತ್ತರ ಮತ್ತು ತೋಳಿನ ಲೆಕ್ಕ ಎಲ್ಲವನ್ನೂ ಕೊಟ್ಟಿದ್ದೇನೆ. ಜೂನಿನ ಕಾಗದ ಸುಳ್ಳು ಎಂದು ನನ್ನ ಹೆಸರು, ಹುದ್ದೆ ಹಾಕಿ ಸಹಿ ಮಾಡಿದ್ದೇನೆ. ಇದು ನಿನ್ನ ಕೈ ಸೇರುವ ಹೊತ್ತಿಗೆ ಅದು ಅವರ ಮೇಜಿನ ಮೇಲಿರುತ್ತದೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ.

ಅಕ್ಕ


19 ಸೆಪ್ಟೆಂಬರ್ 2022

ನಿನಗೆ ಇಷ್ಟವಾದದ್ದು ಆಯಿತು. ಹೇಗಾಯಿತು ಎಂದೂ ತಿಳಿದುಕೋ.

ಮೊದಲ ದಿನ ಅಂಗಳದಲ್ಲಿ ಹದಿನಾಲ್ಕು ಹುಡುಗಿಯರು ಸಾಲಾಗಿ ನಿಂತಿದ್ದರು, ನಾನು ಹೊಲಿದ ನೀಲಿ ಬಟ್ಟೆಯಲ್ಲಿ. ಗ್ಯಾಲರಿಯಲ್ಲಿ ನಾನು, ಇವರು. ಶಿಬಿರದ ಕೋಚ್ ಪಟ್ಟಿ ಹಿಡಿದುಕೊಂಡು ಬಂದು "ಹನ್ನೊಂದನೇ ನಂಬರ್, ಸ್ವಲ್ಪ ಈಚೆ ಬಾಮ್ಮ" ಎಂದು ಕರೆದರು. ಪಕ್ಕದವಳು ಇವಳ ಬೆನ್ನಿಗೆ ಗುದ್ದಿ "ಕ್ಯಾಪ್ಟನ್ ಕಣೇ" ಅಂದಳು. ಕಡ್ಡಿ ನಗುತ್ತಾ ಹೋದಳು ಅಕ್ಕ. ನಮ್ಮ ಕಡೆ ತಿರುಗಿ ಕೈಬೀಸಿಕೊಂಡು ನಗುತ್ತಾ ಹೋದಳು.

ಅಲ್ಲಿಂದ ನೇರ ಆಸ್ಪತ್ರೆ. ನಾಲ್ಕು ಸೆಂಟಿಮೀಟರ್ ಮೇಲೆ ಎರಡು ಮಿಲಿಮೀಟರ್. ಕೋಣೆಯಲ್ಲಿ ಮೂರು ಜನ ಡಾಕ್ಟರು. ಅವರೂ ನೀನು ಬರೆದ ಹೆಸರನ್ನೇ ಹೇಳಿದರು. ಇನ್ನು ಆಟವಿಲ್ಲ. ಓಡುವಂತಿಲ್ಲ, ಭಾರ ಎತ್ತುವಂತಿಲ್ಲ, ದಿನಾ ಮಾತ್ರೆ, ಆರು ತಿಂಗಳಿಗೊಮ್ಮೆ ಅಳತೆ. "ಯಾವತ್ತಿನವರೆಗೆ?" ಎಂದು ಕೇಳಿದಳು. ಒಬ್ಬರು ಮಾತ್ರೆಯ ಚೀಟಿ ಬರೆಯತೊಡಗಿದರು. ಕನ್ನಡಕ ತೆಗೆದು ಒರೆಸಿಕೊಂಡಳು, ಅಷ್ಟೇ.

ಟ್ರ್ಯಾಕ್‌ಸೂಟ್ ತಿರುಗಿ ಕೊಡಬೇಕಿತ್ತು. ಮಡಿಸಿ ಮೇಜಿನ ಮೇಲಿಟ್ಟು "ಅಮ್ಮ, ಇದರ ತೋಳು ಇನ್ಯಾರಿಗೂ ಆಗಲ್ಲ" ಅಂದಳು. ಬದಲಿಗೆ ಬಂದ ಹುಡುಗಿ ತೋಳನ್ನು ಎರಡು ಮಡಿಕೆ ಮಡಿಸಿ ಹಾಕಿಕೊಂಡಳು.

ಮನೆಗೆ ಬರುವ ಬಸ್ಸಿನಲ್ಲಿ ಒಂದೇ ಮಾತು ಕೇಳಿದಳು. "ದೊಡ್ಡಮ್ಮ ಅವತ್ತೇ ನೋಡಿದ್ರಲ್ಲ. ನನ್ನ ಮುಖ ನೋಡ್ಕೊಂಡು ಕುದುರೆ ಅಂದ್ರಲ್ಲ. ಯಾಕಮ್ಮ?"

ಅವಳು ಬದುಕಿದ್ದಾಳೆ, ನಿನ್ನಿಂದಲೇ ಎಂದು ಎಲ್ಲರೂ ಹೇಳುತ್ತಾರೆ. ಇವರೂ ಹೇಳುತ್ತಾರೆ. ಜೂನಿನಲ್ಲೇ ಹೇಳಿದ್ದರೆ ಮನೆಯೊಳಗೆ ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ನೀನು ಗ್ಯಾಲರಿ ತುಂಬ ಜನ ಸೇರುವವರೆಗೆ ಕಾದೆ.

ಇನ್ನು ಬರೆಯಬೇಡ.


11 ಅಕ್ಟೋಬರ್ 2022

ಪುಟ್ಟಿ,

ಬರೆಯಬೇಡ ಅಂದಿದ್ದೀಯ. ಎರಡೇ ಸಾಲು. ಮಾತ್ರೆ ತಪ್ಪಿಸದಂತೆ ನೋಡಿಕೋ, ಮೊದಲ ವಾರಗಳಲ್ಲಿ ಸುಸ್ತಾಗುತ್ತದೆ, ಅದಕ್ಕೆ ಹೆದರಿ ನಿಲ್ಲಿಸಬಾರದು. ಸೈಕಲ್ಲನ್ನು ಮೆಲ್ಲಗೆ ತುಳಿಯಬಹುದೇ ಎಂದು ವೈದ್ಯರನ್ನು ಕೇಳು. ಬೇಡ ಎಂಬ ಪಟ್ಟಿಯಲ್ಲಿ ಒಂದಾದರೂ ಬೇಕು ಇರಲಿ.

ಅಕ್ಕ


30 ನವೆಂಬರ್ 2022

ಪುಟ್ಟಿ,

ನಿನ್ನಿಂದ ಉತ್ತರ ಬರುವುದಿಲ್ಲ ಎಂದು ಗೊತ್ತು. ಇದನ್ನು ಬರೆಯದೇ ಇದ್ದರೆ ಜೂನಿನ ತಪ್ಪನ್ನೇ ಮತ್ತೆ ಮಾಡಿದಂತೆ.

ಈ ನೇಯ್ಗೆಯ ದೋಷ ಸಾಮಾನ್ಯವಾಗಿ ಅಪ್ಪನಿಂದಲೋ ಅಮ್ಮನಿಂದಲೋ ಬರುತ್ತದೆ. ನಿನ್ನ ಯಜಮಾನರು ಗಿಡ್ಡಗೆ ಗಟ್ಟಿಮುಟ್ಟಾಗಿದ್ದಾರೆ. ನಿನ್ನ ಬೆರಳುಗಳನ್ನು ನೋಡಿಕೋ. ನಮ್ಮ ಅಪ್ಪನ ಬೆರಳುಗಳನ್ನು ನೆನೆಸಿಕೋ. ಬಾಗಿಲ ಚೌಕಟ್ಟಿಗೆ ತಲೆ ಬಗ್ಗಿಸದೆ ಅವರು ಒಂದು ಕೋಣೆಯನ್ನೂ ಹೊಕ್ಕಿರಲಿಲ್ಲ. ನಲವತ್ತೇಳಕ್ಕೆ ಬಚ್ಚಲಲ್ಲಿ ಬಿದ್ದರು, ಎದೆನೋವು ಅಂದರು, ಅಷ್ಟೇ. ಆಗ ಯಾರೂ ಅಳೆಯಲಿಲ್ಲ. ನಾನು ಅಮ್ಮನ ಕಡೆ ಹೋದವಳು, ಮೊನ್ನೆ ಆಸ್ಪತ್ರೆಯಲ್ಲಿ ಪಕ್ಕದ ಯಂತ್ರದವಳ ಕೈಯಲ್ಲಿ ಅಳೆಸಿಕೊಂಡೆ, ಏನೂ ಇಲ್ಲ.

ನೀನು ಅಳೆಸಿಕೋ. ನಿನಗೆ ನಲವತ್ತಾರು.

ಅಕ್ಕ


6 ಫೆಬ್ರವರಿ 2023

ಅಕ್ಕ,

ಈ ಪೊಟ್ಟಣದಲ್ಲಿ ಒಂದು ಏಪ್ರನ್ ಇದೆ. ಸೆಪ್ಟೆಂಬರಿನಲ್ಲೇ ಕತ್ತರಿಸಿಟ್ಟಿದ್ದೆ. ಬಟ್ಟೆ ಹಾಳು ಮಾಡುವುದು ನನಗೆ ಆಗದು, ಹೊಲಿದೆ.

ಅಳೆಸಿಕೊಂಡೆ. ಐದು ಸೆಂಟಿಮೀಟರ್ ಮೇಲೆ ಎರಡು ಮಿಲಿಮೀಟರ್. ಒಂದು ಕವಾಟವೂ ಸಡಿಲವಿದೆಯಂತೆ. ಮುಚ್ಚುವಾಗ ಟಕ್ ಎನ್ನುತ್ತದೆಯಂತೆ. ಡಾಕ್ಟರು ಚಿಕ್ಕ ವಯಸ್ಸಿನವರು, "ಇದು ಹುಟ್ಟಿನಿಂದ ಇರೋ ಸದ್ದು. ಚಿಕ್ಕವರಿದ್ದಾಗ ಯಾರೂ ಕೇಳಿಸಿಕೊಂಡಿರಲಿಲ್ವಾ?" ಎಂದು ಕೇಳಿದರು. ಇಲ್ಲ ಅಂದೆ.

ಎರಡು ವರ್ಷದಿಂದ ಅಂಗಡಿಯ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದೆ. ಇವರಿಗೆ ಹೇಳಿರಲಿಲ್ಲ. ನಿನಗಂತೂ ಹೇಳುತ್ತಿರಲಿಲ್ಲ. ಹೇಳಿದ್ದರೆ ಕಿವಿ ಇಡುತ್ತಿದ್ದೆಯಲ್ಲ.

ಹದಿನಾಲ್ಕನೇ ತಾರೀಕು ಆಪರೇಷನ್. ಹಿಗ್ಗಿದ ತುಂಡನ್ನು ಕತ್ತರಿಸಿ, ನೇಯ್ದ ಬಟ್ಟೆಯ ಕೊಳವೆ ಹೊಲಿಯುತ್ತಾರಂತೆ. ನಿಜವಾಗಿಯೂ ಬಟ್ಟೆ, ತೋರಿಸಿದರು. ಒಳ್ಳೆಯ ನೇಯ್ಗೆ, ಅಂಚು ಬಿಚ್ಚಿಕೊಳ್ಳುವಂಥದ್ದಲ್ಲ. "ಹೊಲಿಗೆ ಬಿಗಿಯಾಗಿರಲಿ ಸರ್" ಅಂದೆ. ನಕ್ಕರು. ಕಡ್ಡಿ ನಗಲಿಲ್ಲ.

ಅವಳಿಗೆ ಎಲ್ಲ ಹೇಳಿದೆ, ಬೂಟಿನ ಕಥೆಯನ್ನೂ. ಅವಳು ಈಗ ಅಂಗಡಿಯಲ್ಲಿ ಗುಂಡಿ ಹಾಕುತ್ತಾಳೆ. ಸಂಜೆ ಕ್ರೀಡಾಶಾಲೆಯಿಂದ ಸೀಟಿ ಕೇಳಿಸಿದರೆ ಕಿಟಕಿ ಮುಚ್ಚುತ್ತಾಳೆ. ಪೂರ್ತಿ ಕೇಳಿ, ಹಲ್ಲಿನಲ್ಲಿ ದಾರ ಕಡಿದು ಹೇಳಿದಳು: "ಅಂದ್ರೆ ದೊಡ್ಡಮ್ಮ ನಿನ್ನ ವಿಷಯದಲ್ಲಿ ನಿಜ ಹೇಳಿದ್ರು. ನೀನು ಮೂವತ್ತು ವರ್ಷ ಬೈದೆ. ಅದಕ್ಕೇ ನನಗೆ ಸುಳ್ಳು ಹೇಳಿದ್ರು." ನನ್ನ ಉತ್ತರಕ್ಕೆ ಕಾಯದೆ ಮುಂದಿನ ಗುಂಡಿ ತೆಗೆದುಕೊಂಡಳು.

ನೀನು ಎರಡು ಸಲವೂ ಸರಿಯಾಗಿದ್ದೆ. ತಪ್ಪು ಮಾಡಿದವಳನ್ನು ಕ್ಷಮಿಸಲು ಮೂವತ್ತು ವರ್ಷ ಅಭ್ಯಾಸ ಮಾಡಿಕೊಳ್ಳುತ್ತಿದ್ದೆ, ಇವತ್ತು ಮಾಡೋಣ, ನಾಳೆ ಮಾಡೋಣ ಎಂದು. ಸರಿಯಾಗಿದ್ದವಳನ್ನು ಏನು ಮಾಡಬೇಕೋ ಗೊತ್ತಿಲ್ಲ. ಆ ದಿನ ಬರಬೇಡ. ನಿದ್ದೆ ಬರಿಸುವ ಮುಂಚೆ ನಿನ್ನ ಮುಖ ನೋಡುವುದು ನನ್ನಿಂದಾಗದು.

ಏಪ್ರನ್ ಹಳೆಯ ಅಳತೆಯಲ್ಲೇ ಇದೆ. ನೀನು ಸಣ್ಣಗಾಗಿದ್ದರೆ ಹೇಳಬೇಡ, ಹಾಗೇ ಹಾಕಿಕೋ.

ತಂಗಿ


9 ಫೆಬ್ರವರಿ 2023

ಪುಟ್ಟಿ,

ಬರುವುದಿಲ್ಲ.

ಹೇಳಬೇಡ ಅಂದಿದ್ದೀಯ, ಆದರೂ ಹೇಳುತ್ತೇನೆ. ಏಪ್ರನ್ ಸಡಿಲವಾಗಿದೆ, ಎರಡೂ ಪಕ್ಕದಲ್ಲಿ ಎರಡೆರಡು ಬೆರಳು. ಇನ್ನೊಂದು. ವೈದ್ಯರ ಚೀಟಿಯಿಲ್ಲದೆ ಹುಡುಗಿಯೊಬ್ಬಳನ್ನು ಪರೀಕ್ಷಿಸಿದ್ದಕ್ಕೆ, ಕಂಡದ್ದನ್ನು ಮುಚ್ಚಿಟ್ಟದ್ದಕ್ಕೆ ನನ್ನನ್ನು ಡಿಸೆಂಬರಿನಿಂದ ಯಂತ್ರದ ಕೋಣೆಯಿಂದ ತೆಗೆದಿದ್ದಾರೆ. ಈಗ ಕೆಳಗಿನ ಮಹಡಿಯಲ್ಲಿ ಹಳೆಯ ಕಡತ ಜೋಡಿಸುತ್ತೇನೆ. ಅಲ್ಲಿ ಯಾರೂ ಏಪ್ರನ್ ಹಾಕುವುದಿಲ್ಲ. ನಾನು ಇವತ್ತು ಹಾಕಿಕೊಂಡು ಹೋದೆ.

ಇಲ್ಲಿಯ ಯಾವ ಟೈಲರಿಗೂ ಇದನ್ನು ಬಿಚ್ಚಲು ಕೊಡುವುದಿಲ್ಲ. ಸದ್ಯಕ್ಕೆ ಪಿನ್ನು ಚುಚ್ಚಿಕೊಂಡಿದ್ದೇನೆ.

ಅಕ್ಕ